ಖಾಲಿ ಇಲ್ಲದ ಹದಿನಾರು ಮನೆ

ಅಪ್ಪ ಆ ರೆಕಾರ್ಡನ್ನು ಕೇಳಿದ್ದು ಎರಡು ಹಾಡಿನಷ್ಟು ಹೊತ್ತು ಮಾತ್ರ. ಹೋದ ವರ್ಷ ಮಳೆಗಾಲದಲ್ಲಿ ಧಾರವಾಡದಿಂದ ಡೊಂಬಿವಲಿಯ ನಮ್ಮ ಮನೆಗೆ ಬಂದಿದ್ದರು. ಭಾನುವಾರ. ಹೊರಗೆ ಹೋಗುವ ಹಾಗಿಲ್ಲದ ಮಳೆ. ನಾನು ಚರಣ್‌ಜಿತ್ ಸಿಂಗ್ ಅವರ ‘ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’ ಹಾಕಿ ಸುಮ್ಮನೆ ಕೂತೆ, ಏನು ಅಂತ ಹೇಳಲಿಲ್ಲ. ಅಪ್ಪ ಕಣ್ಣು ಮುಚ್ಚಿ, ಬಲಗೈ ಹೆಬ್ಬೆರಳನ್ನು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಓಡಿಸುತ್ತ ಎಣಿಸತೊಡಗಿದರು. ಐವತ್ತು ವರ್ಷದ ಅಭ್ಯಾಸ ಅದು. ಬಸ್ಸಿನಲ್ಲಿ ಕೂತಾಗಲೂ ವೈಪರ್‌ನ ಲಯಕ್ಕೆ ಎಣಿಸುತ್ತಾರೆ. ಎರಡನೆಯ ಹಾಡು ಮುಗಿಯುವಾಗ ಬೆರಳು ನಿಂತಿತು.

“ಲಲತ್ ಐತಿ, ಖರೆ. ಆದ್ರ ತಮ್ಮಾ, ಖಾಲಿ ಎಲ್ಲಿ ಹೋತು?”

ಈ ರೆಕಾರ್ಡಿನ ಬಗ್ಗೆ ಕಳೆದ ಹದಿನೈದು ವರ್ಷಗಳಲ್ಲಿ ಜಗತ್ತಿನಲ್ಲಿ ಬೇಕಾದಷ್ಟು ಬರೆದಿದ್ದಾರೆ. ನನ್ನ ಕಣ್ಣಿಗೆ ಬಿದ್ದ ಯಾವ ಬರಹದಲ್ಲೂ ಈ ಪ್ರಶ್ನೆ ಇರಲಿಲ್ಲ.

ರೆಕಾರ್ಡನ್ನು ಕೇಳದವರಿಗಾಗಿ ಹಿನ್ನೆಲೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಚರಣ್‌ಜಿತ್ ಸಿಂಗ್ ಮುಂಬೈ ಸಿನಿಮಾ ಸಂಗೀತದ ಸೆಷನ್ ವಾದಕರು. ಗಿಟಾರ್, ಬೇಸ್ ಗಿಟಾರ್, ಕೀಬೋರ್ಡ್ ಎಲ್ಲ ನುಡಿಸುತ್ತಿದ್ದರು. ಶಂಕರ್-ಜೈಕಿಶನ್, ಆರ್.ಡಿ. ಬರ್ಮನ್, ಲಕ್ಷ್ಮೀಕಾಂತ್-ಪ್ಯಾರೇಲಾಲ್ ಅವರ ಆರ್ಕೆಸ್ಟ್ರಾಗಳಲ್ಲಿ ಕೆಲಸ ಮಾಡಿದವರು. ಸಿನಿಮಾ ಹಾಡುಗಳ ವಾದ್ಯಸಂಗೀತದ ರೆಕಾರ್ಡುಗಳನ್ನು ತಂದಿದ್ದರು, ಮದುವೆ ಮನೆಗಳಲ್ಲಿ ತಮ್ಮ ಆರ್ಕೆಸ್ಟ್ರಾ ನಡೆಸುತ್ತಿದ್ದರು. 1980ರ ‘ಕುರ್ಬಾನಿ’ಯಿಂದ ಡಿಸ್ಕೋ ಎನ್ನುವುದು ಬೊಂಬಾಯಿಯ ಸ್ಟುಡಿಯೋಗಳಿಗೆ ಜ್ವರದಂತೆ ಬಂದಿತ್ತು, 1982ರಲ್ಲಿ ‘ಡಿಸ್ಕೋ ಡ್ಯಾನ್ಸರ್’ ಬಂತು. ಅದೇ 1982ರಲ್ಲಿ ಸಿಂಗ್ ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು ಒಂದಕ್ಕೊಂದು ಜೋಡಿಸಿದರು. ತಾಳಕ್ಕೆ ಟಿಆರ್-808, ಬೇಸಿಗೆ ಟಿಬಿ-303, ಮೇಲಿನ ರಾಗಕ್ಕೆ ಜುಪಿಟರ್-8 ಕೀಬೋರ್ಡು. ಎಚ್‌ಎಂವಿಗೆ ಹತ್ತು ರಾಗ ನುಡಿಸಿದರು. ರೆಕಾರ್ಡು ಹೆಚ್ಚು ಮಾರಾಟವಾಗಲಿಲ್ಲ, ಜನ ಮರೆತರು. ಎಡೋ ಬೌಮನ್ ಎಂಬ ಡಚ್ ಸಂಗ್ರಾಹಕರು ಅದನ್ನು ಹುಡುಕಿ 2010ರಲ್ಲಿ ಮರುಬಿಡುಗಡೆ ಮಾಡಿದಾಗ ಯುರೋಪಿನ ಕ್ಲಬ್ಬುಗಳು ಬೆರಗಾದವು. ಶಿಕಾಗೋದಲ್ಲಿ 1987ರಲ್ಲಿ ‘ಫ್ಯೂಚರ್’ ಎಂಬ ತಂಡ ‘ಆಸಿಡ್ ಟ್ರ್ಯಾಕ್ಸ್’ ತಂದು ಆಸಿಡ್ ಹೌಸ್ ಎಂಬ ಪ್ರಕಾರವನ್ನೇ ಶುರು ಮಾಡಿತ್ತಲ್ಲ, ಅದೇ ಯಂತ್ರದ ಅದೇ ಗುಳುಗುಳು ಸದ್ದು ಐದು ವರ್ಷ ಮೊದಲೇ ಬೊಂಬಾಯಿಯಲ್ಲಿ! ಯಾರೋ ಹುಡುಗಾಟಕ್ಕೆ ಹೊಸದಾಗಿ ಮಾಡಿ ಹಳೆಯದೆಂದು ನಂಬಿಸುತ್ತಿದ್ದಾರೆ ಎಂದು ಅನುಮಾನಪಟ್ಟವರೂ ಇದ್ದರು. ಎಪ್ಪತ್ತು ದಾಟಿದ ಸಿಂಗ್ ವಿದೇಶದ ವೇದಿಕೆಗಳಲ್ಲಿ ಅದನ್ನು ನುಡಿಸಿ ಬಂದರು. 2015ರ ಜುಲೈಯಲ್ಲಿ ಮುಂಬೈಯಲ್ಲಿ ತೀರಿಕೊಂಡರು.

ಸಂದರ್ಶನಗಳಲ್ಲಿ ಸಿಂಗ್ ಇದನ್ನು ಬಹಳ ಸರಳವಾಗಿ ವಿವರಿಸುತ್ತಿದ್ದರು. ಎಲ್ಲೆಲ್ಲೂ ಡಿಸ್ಕೋ ಇತ್ತು, ರಾಗಗಳನ್ನು ಡಿಸ್ಕೋ ಬೀಟಿಗೆ ನುಡಿಸಿದರೆ ಹೇಗೆ ಅನ್ನಿಸಿತು, ತಬಲಾ ತೆಗೆದುಬಿಟ್ಟೆ, ಅಷ್ಟೇ. ವಿದೇಶಿ ಪತ್ರಕರ್ತರಿಗೆ ಈ ಮಾತು ಮುದ್ದಾಗಿ ಕೇಳಿಸಿತು. ನನಗೆ ‘ತಬಲಾ ತೆಗೆದುಬಿಟ್ಟೆ’ ಎನ್ನುವುದು ಬೇರೆ ತರಹ ಕೇಳಿಸುತ್ತದೆ. ನಮ್ಮಪ್ಪ ನಾಟಕ ಕಂಪನಿಯೊಂದರಲ್ಲಿ ತಬಲಾ ಬಾರಿಸುತ್ತಿದ್ದರು. ನಾನು ಒಂಬತ್ತನೆಯ ಕ್ಲಾಸಿನಲ್ಲಿದ್ದಾಗ ಕಂಪನಿಗೆ ರಿದಮ್ ಇರುವ ಕೀಬೋರ್ಡು ಬಂತು. ಮಾಲೀಕರು ಕೆಟ್ಟವರೇನಲ್ಲ, ಆ ಸೀಜನ್ ಪೂರ್ತಿ ಸಂಬಳ ಕೊಟ್ಟರು, ಮುಂದಿನ ಸೀಜನ್‌ಗೆ ಕರೆಯಲಿಲ್ಲ. ಅಪ್ಪ ಮಕ್ಕಳಿಗೆ ಪಾಠ ಹೇಳಿ, ಭಜನೆಗೆ ಸಾಥ್ ಕೊಟ್ಟು ನನ್ನನ್ನು ಎಂಟೆಕ್‌ವರೆಗೆ ಓದಿಸಿದರು. ಮುಂಬೈಯಲ್ಲಿ ಇದೇ ಕಥೆ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಸಾಲುಸಾಲು ಪಿಟೀಲು, ಢೋಲಕ್, ತಬಲಾ ತುಂಬಿರುತ್ತಿದ್ದ ಸ್ಟುಡಿಯೋಗಳು ತೊಂಬತ್ತರ ದಶಕದ ಹೊತ್ತಿಗೆ ಬರಿದಾದವು; ಆ ಕುರ್ಚಿಗಳಲ್ಲಿ ಕೂತ ಹೊಸಬನನ್ನು ಅಲ್ಲಿನ ಜನ ‘ಪ್ರೋಗ್ರಾಮರ್’ ಅನ್ನುತ್ತಾರೆ. ನನ್ನ ಮೊದಲ ಕೆಲಸದ ಹುದ್ದೆಯ ಹೆಸರೂ ಅದೇ.

ಹಾಗಾಗಿ ಈ ರೆಕಾರ್ಡನ್ನು ಬರೀ ಮೋಜಿಗೆ ಕೇಳುವುದು ನನ್ನಿಂದ ಆಗುವುದಿಲ್ಲ. ಬರೀ ಸಿಟ್ಟಿನಲ್ಲಿ ಕೇಳುವುದೂ ಆಗುವುದಿಲ್ಲ, ಯಾಕೆಂದರೆ ಅದು ಚೆನ್ನಾಗಿದೆ. ಸರಿ, ಒಳಗೆ ಏನಿದೆ ನೋಡೋಣ ಅಂತ ಆ ಯಂತ್ರಗಳ ಈಗಿನ ನಕಲುಗಳನ್ನು ಕೊಂಡೆ. ಬೆಹ್ರಿಂಗರ್ ಕಂಪನಿಯ ಟಿಡಿ-3 ಮತ್ತು ಆರ್‌ಡಿ-8, ಎರಡೂ ಅಂಧೇರಿಯ ಹುಡುಗನೊಬ್ಬ ಮಾರಿದ ಸೆಕೆಂಡ್‌ಹ್ಯಾಂಡ್ ಮಾಲು. ಮೂಲ ಯಂತ್ರಗಳಿಗೆ ಈಗ ಇರುವ ಬೆಲೆಯಲ್ಲಿ ಡೊಂಬಿವಲಿಯಲ್ಲಿ ಸ್ಕೂಟರ್ ಬರುತ್ತದೆ.

ಸ್ಟೆಪ್ ಸೀಕ್ವೆನ್ಸರ್ ಅಂದರೆ ಚೌಕಾಬಾರದ ಪಟದಂತೆ ಮನೆಗಳಿರುವ ಒಂದು ಸಾಲು. 808ರಲ್ಲಿ ಹದಿನಾರು ಗುಂಡಿಗಳು ಒಂದೇ ಸಾಲಿನಲ್ಲಿವೆ. ಒಂದು ಗುಂಡಿಯೆಂದರೆ ಒಂದು ಮನೆ. ಮೊದಲು ವಾದ್ಯ ಆರಿಸಿಕೊಳ್ಳಬೇಕು, ಬೇಸ್ ಡ್ರಮ್ಮೋ ಚಪ್ಪಾಳೆಯೋ ಹೈಹ್ಯಾಟೋ. ಆಮೇಲೆ ಅದು ಯಾವ ಮನೆಯಲ್ಲಿ ಬಡಿಯಬೇಕೋ ಆ ಗುಂಡಿ ಒತ್ತಿದರೆ ದೀಪ ಹತ್ತುತ್ತದೆ. ಯಂತ್ರ ಎಡದಿಂದ ಬಲಕ್ಕೆ ಓಡಿ, ದೀಪ ಇದ್ದಲ್ಲಿ ಬಡಿದು, ಮತ್ತೆ ಮೊದಲ ಮನೆಗೆ ಬರುತ್ತದೆ. ನೀವು ನಿಲ್ಲಿಸುವವರೆಗೂ ಬರುತ್ತಲೇ ಇರುತ್ತದೆ. ಡಿಸ್ಕೋ ಮಾಡುವುದು ಮಗುವಿಗೂ ಬರುತ್ತದೆ: ಬೇಸ್ ಡ್ರಮ್ 1, 5, 9, 13ರಲ್ಲಿ. ಮುಗಿಯಿತು.

303 ಹಾಗಲ್ಲ. ಅದು ಹಟಮಾರಿ. ಅದರಲ್ಲಿ ಸ್ವರಗಳನ್ನು ಬೇರೆ ಬರೆಯಬೇಕು, ಕಾಲವನ್ನು ಬೇರೆ ಬರೆಯಬೇಕು. ಮೊದಲು ಪಿಚ್ ಮೋಡ್‌ನಲ್ಲಿ ಕೂತು ಸ್ವರಗಳ ಪಟ್ಟಿ ಕೊಡುವುದು, ಯಾವಾಗ ಬಾರಿಸಬೇಕು ಎಂದು ಹೇಳದೆ. ಆಮೇಲೆ ಟೈಮ್ ಮೋಡ್‌ಗೆ ಹೋಗಿ ಮನೆ ಮನೆಗೂ ಹೇಳುವುದು: ಇಲ್ಲಿ ಹೊಸ ಸ್ವರ, ಇಲ್ಲಿ ಹಿಂದಿನದೇ ಎಳೆಯಲಿ, ಇಲ್ಲಿ ಮೌನ. ಯಂತ್ರ ಕಾಲದ ಪಟ್ಟಿಯಲ್ಲಿ ‘ಹೊಸ ಸ್ವರ’ ಎಂದಾಗೆಲ್ಲ ಸ್ವರದ ಪಟ್ಟಿಯಿಂದ ಮುಂದಿನದೊಂದನ್ನು ಎತ್ತಿಕೊಳ್ಳುತ್ತದೆ. ಅಂದರೆ ನಾಲ್ಕನೆಯ ಮನೆಯಲ್ಲಿ ತಪ್ಪಿ ಒಂದು ಮೌನ ಹಾಕಿದರೆ ಅದರಾಚೆಯ ಸ್ವರಗಳೆಲ್ಲ ಒಂದೊಂದು ಮನೆ ಜರುಗುತ್ತವೆ; ಒಂಬತ್ತರಲ್ಲಿ ಬರಬೇಕಾದ ಷಡ್ಜ ಹತ್ತರಲ್ಲಿ ಬರುತ್ತದೆ. ನನ್ನ ವೃತ್ತಿಯ ಭಾಷೆಯಲ್ಲಿ ಇದು ಎರಡು ಟೇಬಲ್‌ಗಳನ್ನು ಕೀ ಇಲ್ಲದೆ ಜೋಡಿಸಿದ ಹಾಗೆ. ಯಾವ ರಿವ್ಯೂನಲ್ಲೂ ಪಾಸ್ ಆಗದ ಡಿಸೈನ್. ಗಿಟಾರ್‌ನವರು ಒಬ್ಬರೇ ಕೂತು ಅಭ್ಯಾಸ ಮಾಡುವಾಗ ಬೇಸ್ ವಾದಕನ ಬದಲಿಗೆ ಇರಲಿ ಎಂದು ತಂದ ಈ ಯಂತ್ರ ಆ ಕೆಲಸದಲ್ಲಿ ಸೋತು, 1984ರ ಹೊತ್ತಿಗೆ ತಯಾರಿಕೆಯೇ ನಿಂತಿತು. ಬಳಿಕ ಅಮೆರಿಕದ ಹುಡುಗರ ಕೈಗೆ ಅದು ಅಗ್ಗಕ್ಕೆ ಸಿಕ್ಕಿತು. ಅವರು ತಪ್ಪಿಬಿದ್ದ ಪ್ಯಾಟರ್ನುಗಳನ್ನೇ ಓಡಿಸುತ್ತ, ಫಿಲ್ಟರಿನ ತಿರುಪುಗಳನ್ನು ತಿರುಗಿಸಿದರು. ಆಸಿಡ್ ಹೌಸ್‌ನ ಜೀವ ಇರುವುದು ಆ ತಿರುಪಿನಲ್ಲಿ.

ಸಿಂಗ್ ಅವರ ದಾರಿ ಬೇರೆ. ಸ್ವತಃ ಬೇಸ್ ನುಡಿಸುತ್ತಿದ್ದ ಮನುಷ್ಯ ಬೇಸ್ ವಾದಕನ ಬದಲಿ ಯಂತ್ರವನ್ನು ಮನೆಗೆ ತಂದರು ಎನ್ನುವುದೇ ಒಂದು ವಿಚಿತ್ರ. ಸ್ವರ ಮೊದಲು, ಕಾಲ ಆಮೇಲೆ ಎನ್ನುವ ಕ್ರಮ ಅವರಿಗೆ ಕಷ್ಟವಾಗಿರಲಿಕ್ಕಿಲ್ಲ ಅಂತ ನನ್ನ ಊಹೆ. ನಮ್ಮಲ್ಲಿ ಪಾಠ ಶುರುವಾಗುವುದೇ ಹಾಗೆ. ಅಲಂಕಾರದ ಸ್ವರಗಳು ಬಾಯಿಗೆ ಬಂದ ಮೇಲೆ ಅವನ್ನು ಬೇರೆ ಬೇರೆ ಲಯಕ್ಕೆ ಕೂರಿಸುತ್ತಾರೆ. ನಾನು ಮೊದಲು ಮಾಲ್ಕೌಂಸ್ ಹಾಕಿ ನೋಡಿದೆ, ನಮ್ಮ ದಕ್ಷಿಣದ ಗೆಳೆಯರ ಹಿಂದೋಳ. ‘ಎ’ಯನ್ನು ಷಡ್ಜ ಮಾಡಿಕೊಂಡರೆ ಐದು ಸ್ವರವೂ ಬಿಳಿ ಮನೆಗಳಲ್ಲೇ ಬರುತ್ತವೆ, ಎ, ಸಿ, ಡಿ, ಎಫ್, ಜಿ. ಹದಿನಾರು ಸ್ವರ ಬರೆದು ಓಡಿಸಿದಾಗ ಅರ್ಧ ನಿಮಿಷದಲ್ಲಿ ಆ ರೆಕಾರ್ಡಿನ ವಾಸನೆ ಬಂತು. ಅಷ್ಟು ಸುಲಭವೇ ಅಂತ ಸ್ವಲ್ಪ ನಿರಾಸೆಯೂ ಆಯಿತು.

ಸುಲಭ ಅಲ್ಲ ಎಂದು ಗೊತ್ತಾಗಿದ್ದು ಭೂಪಾಲಿಯಲ್ಲಿ. ಭೂಪಾಲಿಯ ಐದು ಸ್ವರಗಳೇ ದೇಶ್‌ಕಾರ್‌ನಲ್ಲೂ ಇರುವುದು: ಸ, ರಿ, ಗ, ಪ, ಧ. ಭೂಪಾಲಿ ಗಾಂಧಾರದ ಮೇಲೆ ನಿಲ್ಲುತ್ತದೆ, ಸಂಜೆಯ ರಾಗ. ದೇಶ್‌ಕಾರ್ ಧೈವತದ ಮೇಲೆ ನಿಲ್ಲುತ್ತದೆ, ಬೆಳಗಿನದು. 303ರಲ್ಲಿ ಪ್ರತಿ ಸ್ವರಕ್ಕೂ ಎರಡು ಗುಣ ಸೇರಿಸಬಹುದು. ಒಂದು ಆಕ್ಸೆಂಟ್, ಅಂದರೆ ಒತ್ತು. ಇನ್ನೊಂದು ಸ್ಲೈಡ್, ಅಂದರೆ ಮುಂದಿನ ಸ್ವರಕ್ಕೆ ಜಾರುವುದು. ಒಂದೇ ಸ್ವರಪಟ್ಟಿಯಲ್ಲಿ ಗಾಂಧಾರಗಳಿಗೆ ಒತ್ತು ಕೊಟ್ಟು ಅಡುಗೆಮನೆಯಲ್ಲಿದ್ದ ಅಪ್ಪನಿಗೆ ಕೇಳಿಸಿದೆ. “ಭೂಪ್” ಅಂದರು. ಒತ್ತುಗಳನ್ನು ಧೈವತಕ್ಕೆ ಬದಲಿಸಿ, ಪಟ್ಟಿಯ ಮೇಲಿನ ಅರ್ಧವನ್ನು ಮುಂದೆ ತಂದೆ. “ಈಗ ದೇಶ್‌ಕಾರ್ ಆಗಾಕ ಹೊಂಟೈತಿ. ಪೂರಾ ಆಗಿಲ್ಲ.” ಚಹಾ ತಗೊಂಡು ಹೊರಗೆ ಬಂದು ಯಂತ್ರವನ್ನು ಮೊದಲ ಸಲ ಹತ್ತಿರದಿಂದ ನೋಡಿದರು.

ರೆಕಾರ್ಡಿನಲ್ಲಿ ಭೂಪಾಲಿ ಭೂಪಾಲಿಯಾಗಿಯೇ ಇದೆ. ಮಧುವಂತಿ, ಕಲಾವತಿಗಳೂ ಹಾಗೆಯೇ ಇವೆ. ಬೇಸಿನ ಪ್ಯಾಟರ್ನಿನಲ್ಲಿ ಸ್ವರಗಳು ಯಾವ ಸರದಿಯಲ್ಲಿ ಬರಬೇಕು, ಎಲ್ಲಿ ಕೂರಬೇಕು ಎನ್ನುವುದನ್ನು ಸಿಂಗ್ ಯೋಚಿಸಿಯೇ ಬರೆದಿದ್ದಾರೆ. ಇದನ್ನು ಆಕಸ್ಮಿಕ ಎಂದು ಕರೆದ ಲೇಖನಗಳನ್ನು ಓದಿದಾಗ ನನಗೆ ಕಿರಿಕಿರಿಯಾಗುತ್ತದೆ. ಶಿಕಾಗೋದಲ್ಲಿ ಇದೇ ಯಂತ್ರ ಬೇರೆ ರೀತಿ ಬಳಕೆಯಾಯಿತು ಎನ್ನುವುದರಿಂದ ಬೊಂಬಾಯಿಯಲ್ಲಿ ನಡೆದದ್ದು ಆಕಸ್ಮಿಕವಾಗುವುದಿಲ್ಲ. ‘ಮೊದಲ ಆಸಿಡ್ ಹೌಸ್ ರೆಕಾರ್ಡು’ ಎಂಬ ಪಟ್ಟವೂ ನನಗೆ ಬೇಡ. ಶಿಕಾಗೋದ ಹುಡುಗರು ಇದನ್ನು ಕೇಳಿರಲಿಲ್ಲ. ಇದರಿಂದ ಅದು ಹುಟ್ಟಲಿಲ್ಲ. ಮಕ್ಕಳಿಲ್ಲದವನನ್ನು ಅಜ್ಜ ಎಂದು ಕರೆದರೆ ಗೌರವವಾಗುತ್ತದೆಯೇ?

ಆದರೂ ಎರಡೂ ಅಷ್ಟೊಂದು ಹೋಲುವುದು ಯಾಕೆ ಎನ್ನುವುದಕ್ಕೆ ಉತ್ತರ ಬೇಕು. ಯಂತ್ರ ಒಂದೇ ಎನ್ನುವುದು ಅರ್ಧ ಉತ್ತರ. ಸ್ಕಾಟ್ಲೆಂಡಿನ ‘ಆರೆಂಜ್ ಜ್ಯೂಸ್’ ತಂಡ 1983ರ ತಮ್ಮ ಜನಪ್ರಿಯ ಹಾಡಿನಲ್ಲಿ ಇದೇ 303 ಬಳಸಿತ್ತು, ಅದನ್ನು ಯಾರೂ ಆಸಿಡ್ ಅನ್ನುವುದಿಲ್ಲ. ಇನ್ನರ್ಧ ಉತ್ತರ ಕಾರ್ಡುಗಳಲ್ಲಿದೆ ಎಂದು ನನಗನ್ನಿಸುತ್ತದೆ. ಪಾಪ್ ಹಾಡಿನಲ್ಲಿ, ಸಿನಿಮಾ ಹಾಡಿನಲ್ಲಿ ಬೇಸ್ ವಾದಕನ ಕೆಲಸ ಕಾರ್ಡು ಬದಲಾದಾಗ ತಾನೂ ಜಾಗ ಬದಲಿಸುವುದು. ಸಿಂಗ್ ಜೀವನವಿಡೀ ಸ್ಟುಡಿಯೋದಲ್ಲಿ ಮಾಡಿದ್ದು ಅದನ್ನೇ. ಈ ರೆಕಾರ್ಡಿನಲ್ಲಿ ಬೇಸ್ ಎಲ್ಲೂ ಹೋಗುವುದಿಲ್ಲ. ರಾಗಕ್ಕೆ ಕಾರ್ಡು ಬೇಕಿಲ್ಲ, ಷಡ್ಜ ಕದಲುವಂತಿಲ್ಲ. ಹಾಗಾಗಿ 303 ಇಲ್ಲಿ ತಂಬೂರಿಯ ಕೆಲಸ ಮಾಡುತ್ತದೆ. ಕೂತಲ್ಲೇ ಕುಣಿಯುವ ತಂಬೂರಿ. ಶಿಕಾಗೋದವರು ಯಂತ್ರ ಸುತ್ತಿದ್ದನ್ನೇ ಸುತ್ತಲಿ ಎಂದು ಬಿಟ್ಟು ಕಾರ್ಡುಗಳನ್ನು ಕೈಬಿಟ್ಟರು. ಸಿಂಗ್ ರಾಗ ನುಡಿಸುತ್ತಿದ್ದುದರಿಂದ ಕಾರ್ಡಿನ ಪ್ರಶ್ನೆಯೇ ಅವರಿಗೆ ಬರಲಿಲ್ಲ. ಬೇರೆ ಬೇರೆ ಗಲ್ಲಿಯಿಂದ ಬಂದು ಒಂದೇ ಕಟ್ಟೆಯ ಮೇಲೆ ಕೂತ ಹಾಗೆ.

ರಾಗಕ್ಕೆ ಪೂರ್ತಿ ನ್ಯಾಯ ಸಿಕ್ಕಿದೆ ಎಂದೇನೂ ನಾನು ಹೇಳುತ್ತಿಲ್ಲ. 303ರ ಸ್ಲೈಡ್‌ಗೆ ಒಂದೇ ವೇಗ. ಹತ್ತಿರದ ಸ್ವರಕ್ಕಾದರೂ ದೂರದ ಸ್ವರಕ್ಕಾದರೂ ಅಷ್ಟೇ ಹೊತ್ತಿನಲ್ಲಿ ಜಾರುತ್ತದೆ. ಮೀಂಡ್ ಹಾಗಿರುವುದಿಲ್ಲ; ಎಷ್ಟು ತಡೆದು, ಎಲ್ಲಿ ಬಿಡಬೇಕು ಎನ್ನುವುದೇ ಅದರ ರುಚಿ. ಭೈರವದ ರಿಷಭದ ಆಂದೋಲನ ಈ ಯಂತ್ರದಿಂದ ಸಾಧ್ಯವೇ ಇಲ್ಲ. ತೋಡಿಯ ಗಾಂಧಾರ ಇನ್ನೂ ಸ್ವಲ್ಪ ಕೆಳಗೆ ಇರಬೇಕಿತ್ತು, ಇಲ್ಲಿ ಹಾರ್ಮೋನಿಯಂ ಮನೆಯ ಗಾಂಧಾರವೇ ಗತಿ. ಇಷ್ಟೆಲ್ಲ ಕೊರತೆಯನ್ನು ತುಂಬುವುದು ಮೇಲೆ ನುಡಿಯುವ ಜುಪಿಟರ್-8, ಯಾಕೆಂದರೆ ಅದರ ಮೇಲೆ ಮನುಷ್ಯನ ಕೈಯಿದೆ. ಆ ಕೈ ಕಲಿತ ಕೈ. ಎಲ್ಲೋ ಶಹನಾಯಿಯ, ಎಲ್ಲೋ ಹವಾಯಿಯನ್ ಗಿಟಾರಿನ ನೆನಪು ಬರುವ ಹಾಗೆ ಅದು ಸ್ವರಗಳ ನಡುವೆ ಎಳೆಯುತ್ತದೆ. ಮೇಘ ಮಲ್ಹಾರದಲ್ಲಿ ಅದನ್ನು ಗಮನಿಸಿ. ನನಗೆ ಇಡೀ ರೆಕಾರ್ಡಿನಲ್ಲಿ ಇಷ್ಟವಾದದ್ದು ಅದು. ಯಮನ್ ಮಾತ್ರ ಬೇಸರ ಬರಿಸಿತು, ಸಿನಿಮಾ ಹಾಡಿನ ಇಂಟರ್‌ಲ್ಯೂಡ್ ತಪ್ಪಿಸಿಕೊಂಡು ಬಂದಂತಿದೆ.

ಈಗ ಅಪ್ಪನ ಪ್ರಶ್ನೆಗೆ ಬರುತ್ತೇನೆ.

808ರ ಹದಿನಾರು ಗುಂಡಿಗಳಿಗೆ ಬಣ್ಣಗಳಿವೆ. ನಾಲ್ಕು ಕೆಂಪು, ನಾಲ್ಕು ಕಿತ್ತಳೆ, ನಾಲ್ಕು ಹಳದಿ, ನಾಲ್ಕು ಬಿಳಿ. ತೀನ್‌ತಾಲ್ ಕಲಿತ ಯಾರಿಗಾದರೂ ಇದನ್ನು ನೋಡಿದ ಕೂಡಲೇ ಕೈ ತಾನಾಗಿ ಏಳುತ್ತದೆ. ಹದಿನಾರು ಮಾತ್ರೆ, ನಾಲ್ಕು ವಿಭಾಗ. ಕೆಂಪಿನ ಮೊದಲ ಮನೆ ಸಮ್, ಚಪ್ಪಾಳೆ. ಕಿತ್ತಳೆಯ ಮೊದಲ ಮನೆ, ಚಪ್ಪಾಳೆ. ಹಳದಿಯ ಮೊದಲ ಮನೆಯಲ್ಲಿ ಚಪ್ಪಾಳೆಯಿಲ್ಲ, ಕೈ ಬೀಸುವುದು, ಅದು ಖಾಲಿ. ಬಿಳಿಯ ಮೊದಲ ಮನೆಯಲ್ಲಿ ಮತ್ತೆ ಚಪ್ಪಾಳೆ. ಡಿಸ್ಕೋದ ಬೇಸ್ ಡ್ರಮ್ ಬಡಿಯುವುದು ಇದೇ ನಾಲ್ಕು ಮನೆಗಳಲ್ಲಿ: 1, 5, 9, 13. ಮೂರು ಚಪ್ಪಾಳೆ ಒಂದು ಬೀಸು ಇರಬೇಕಾದಲ್ಲಿ ನಾಲ್ಕೂ ಚಪ್ಪಾಳೆ. ಖಾಲಿಯ ನೆತ್ತಿಯ ಮೇಲೇ ಬಡಿಯುತ್ತದೆ.

ಇದು ಸಣ್ಣ ವಿಷಯ ಅನ್ನಿಸಬಹುದು. ತಬಲಾದಲ್ಲಿ ಖಾಲಿ ಎನ್ನುವುದು ಬರೀ ಲೆಕ್ಕದ ಗುರುತಲ್ಲ, ಕಿವಿಗೆ ಕೇಳುತ್ತದೆ. ‘ಧಾ ಧಿಂ ಧಿಂ ಧಾ’ ಎರಡು ಸಲ ಆದ ಮೇಲೆ ‘ಧಾ ತಿಂ ತಿಂ ತಾ, ತಾ ಧಿಂ ಧಿಂ ಧಾ’ ಬರುತ್ತದಲ್ಲ, ಅಲ್ಲಿ ಹತ್ತರಿಂದ ಹದಿಮೂರನೆಯ ಮಾತ್ರೆಯವರೆಗೆ ಎಡಗೈಯ ಗುಂಯ್ ಎನ್ನುವ ನಾದ ಇರುವುದಿಲ್ಲ. ಕೈ ಬೀಸುವುದು ಒಂಬತ್ತರಲ್ಲಿ, ನಾದ ಹೋಗುವುದು ಹತ್ತರಲ್ಲಿ, ಮರಳುವುದು ಹದಿನಾಲ್ಕರಲ್ಲಿ. ಈ ಒಂದು ಮಾತ್ರೆಯ ವ್ಯತ್ಯಾಸವನ್ನು ಅಪ್ಪ ನನಗೆ ಆರನೆಯ ವಯಸ್ಸಿನಲ್ಲಿ ಹೇಳಿಕೊಟ್ಟಿದ್ದರು. ನಾನು ಸೀಕ್ವೆನ್ಸರ್‌ನಲ್ಲಿ ಬರೆಯುವವರೆಗೂ ಅದರ ವಿಚಿತ್ರ ನನಗೆ ಹೊಳೆದಿರಲಿಲ್ಲ. ಹಾಡುವವನು ಎಷ್ಟೇ ದೂರ ಹೋಗಿದ್ದರೂ ಎಡದ ನಾದ ನಿಂತ ಕೂಡಲೇ ಅವನಿಗೆ ತಾನೆಲ್ಲಿದ್ದೇನೆ ಎಂದು ಗೊತ್ತಾಗುತ್ತದೆ. ನಾದ ಮರಳಿದಾಗ ಮನೆ ಹತ್ತಿರ ಬಂತು ಎಂದು ಗೊತ್ತಾಗುತ್ತದೆ. ಖಾಲಿ ಇಲ್ಲದಿದ್ದರೆ ಸಮ್ ಇಲ್ಲ. ನಾಲ್ಕು ಬಡಿತವೂ ಒಂದೇ ತೂಕ, ಎಲ್ಲಿಂದ ಬೇಕಾದರೂ ಶುರು ಮಾಡಿ. ಕ್ಲಬ್ಬಿಗೆ ಅದು ಅನುಕೂಲ. ಕುಡಿದವನೂ ತಪ್ಪದೆ ಕುಣಿಯಬಹುದು.

ನನ್ನ ತಕರಾರು ಇರುವುದು ಇಲ್ಲಿ. ಸಿಂಗ್ ರಾಗವನ್ನು ಯಂತ್ರದೊಳಗೆ ಕರೆದುಕೊಂಡು ಹೋದರು, ತಾಳವನ್ನು ಬಾಗಿಲಲ್ಲೇ ಬಿಟ್ಟರು. 303ರ ಜೊತೆ ಜಗಳವಾಡಿ ಅದನ್ನು ಭೂಪಾಲಿಗೆ ಬಗ್ಗಿಸಿದವರು 808ರ ಜೊತೆ ಜಗಳ ಆಡಲಿಲ್ಲ. ಆಡಬಹುದಿತ್ತು. ಎರಡೂ ಯಂತ್ರಗಳಲ್ಲಿ ಪ್ಯಾಟರ್ನಿನ ಉದ್ದವನ್ನು ಹದಿನಾರಕ್ಕಿಂತ ಕಡಿಮೆ ಮಾಡಬಹುದು. ಹತ್ತು ಮನೆಗೆ ನಿಲ್ಲಿಸಿದರೆ ಝಪ್‌ತಾಲ್, ಏಳಕ್ಕೆ ನಿಲ್ಲಿಸಿದರೆ ರೂಪಕ್. ಬೇಸನ್ನು ಹತ್ತಕ್ಕೂ ಡ್ರಮ್ಮನ್ನು ಹದಿನಾರಕ್ಕೂ ಇಟ್ಟರೆ ಎರಡೂ ಬೇರೆ ಬೇರೆ ಸುತ್ತಿ 80ನೆಯ ಮನೆ ದಾಟಿ ಒಟ್ಟಿಗೆ ಸಮ್‌ಗೆ ಬರುತ್ತವೆ. ನಾನು ಮಾಡಿ ನೋಡಿದೆ, ಮೈ ಜುಮ್ ಅನ್ನುತ್ತದೆ. ಹತ್ತು ರಾಗಗಳಲ್ಲಿ ಒಂದೇ ಒಂದಕ್ಕೆ ಇಂಥದ್ದೇನಾದರೂ ಮಾಡಿದ್ದರೆ ಈ ರೆಕಾರ್ಡು ಬೇರೆಯೇ ಆಗುತ್ತಿತ್ತು. ಹತ್ತಕ್ಕೂ ಒಂದೇ ಬೀಟಿನ ಗುಣ ಇರುವುದರಿಂದಲೇ ಇದನ್ನು ಒಂದೇ ಸಲಕ್ಕೆ ಪೂರ್ತಿ ಕೇಳಲು ನನಗೆ ಕಷ್ಟವಾಗುತ್ತದೆ. ಮಾಲ್ಕೌಂಸ್ ಬರುವ ಹೊತ್ತಿಗೆ ಕಾಲು ಸೋತಿರುತ್ತದೆ.

ಇದನ್ನೆಲ್ಲ ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನ ಕಚೇರಿಯೊಂದಕ್ಕೆ ಹೋದಾಗ ಮೈಸೂರಿನ ಗೆಳೆಯನ ಮುಂದೆ ಬಹಳ ಜೋರಾಗಿ ಹೇಳಿದೆ. ಅವನು ಮೃದಂಗ ಕಲಿತವನು, ಬ್ಯಾಂಕಿನಲ್ಲಿದ್ದಾನೆ. “ನಿಮ್ಮ ಉತ್ತರಾದಿಯವರ ಗೋಳು ಇದು” ಎಂದು ನಕ್ಕ. “ನಮ್ಮ ಮೃದಂಗದಲ್ಲಿ ಠೇಕಾ ಅಂತ ಎಲ್ಲಿದೆ? ಆದಿತಾಳ ಎಲ್ಲಿದೆ ಅಂತ ಮೃದಂಗ ನಿಂಗೆ ಹೇಳಲ್ಲ. ಹಾಡೋರ ಕೈಯಲ್ಲಿದೆ, ಮುಂದಿನ ಸಾಲಲ್ಲಿ ಕೂತಿರೋ ಮಾಮಿ ತೊಡೆ ಮೇಲಿದೆ. ಆ ರೆಕಾರ್ಡಿಗೆ ನಾನು ಆದಿತಾಳ ಹಾಕಿದೀನಿ, ಸಲೀಸಾಗಿ ಕೂರತ್ತೆ.” ನಾನು ಫೋನಿನಲ್ಲಿ ಭೂಪಾಲಿ ಹಾಕಿಕೊಟ್ಟೆ, ಅವನು ಕ್ಯಾಂಟೀನಿನ ಮೇಜಿನ ಮೇಲೆ ತಾಳ ಹಾಕಿ ತೋರಿಸಿದ. ಕೂತಿತು. ನನ್ನ ವಾದಕ್ಕೆ ಇದರಿಂದ ಪೆಟ್ಟು ಬಿದ್ದದ್ದು ನಿಜ. ತಾಳ ಕೇಳುಗನ ಕೈಯಲ್ಲೂ ಇರಬಹುದು. ಆದರೆ ಅವನು ತಾಳ ಹಾಕಬಲ್ಲವನು. ಬಾರದವನಿಗೆ ತೋರಿಸಿಕೊಡುವ ಕೆಲಸವನ್ನು ನಮ್ಮಪ್ಪನಂಥವರು ಮಾಡುತ್ತಿದ್ದರು.

ಯಂತ್ರಕ್ಕೆ ಖಾಲಿ ಬಾರದು ಎಂದೇನಲ್ಲ. ಬೆಂಗಳೂರಿನಲ್ಲಿ, ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ ಜಿ. ರಾಜ್‌ನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಅವರ ರಾಡೆಲ್ ಕಂಪನಿ ಆಮೇಲೆ ‘ತಾಲ್‌ಮಾಲಾ’ ಎಂಬ ತಬಲಾ ಯಂತ್ರವನ್ನೂ ತಂದಿತು. ಧಾರವಾಡದಲ್ಲಿ ರಿಯಾಜ್ ಮಾಡುವವರ ಮನೆಗಳಲ್ಲಿ ಈ ಪೆಟ್ಟಿಗೆಗಳನ್ನು ನೀವು ನೋಡಿಯೇ ಇರುತ್ತೀರಿ. ತಾಲ್‌ಮಾಲಾಕ್ಕೆ ಠೇಕಾಗಳು ಬಾಯಿಪಾಠ, ಖಾಲಿಯೂ ಗೊತ್ತು. ಅದರಲ್ಲಿ ನೀವು ಸಿದ್ಧ ತಾಳ ಆರಿಸಬಹುದು. ಸೀಕ್ವೆನ್ಸರ್‌ಗೆ ಏನೂ ಗೊತ್ತಿಲ್ಲ, ನೀವು ಬರೆದದ್ದೇ ಅದಕ್ಕೆ ಗೊತ್ತಿರುವುದು. ಸಿಂಗ್ ಅವರ ಮುಂದಿದ್ದದ್ದು ಈ ಎರಡನೆಯ ಬಗೆಯ ಯಂತ್ರ. ಅದರಲ್ಲಿ ಖಾಲಿ ಇಲ್ಲ ಎಂದರೆ ಬರೆದವರು ಹಾಕಿಲ್ಲ.

ಅಪ್ಪ ಊರಿಗೆ ಹೊರಡುವ ಎರಡು ದಿನ ಮೊದಲು ಇಬ್ಬರೂ ಕೂತು ಆರ್‌ಡಿ-8ರಲ್ಲಿ ತೀನ್‌ತಾಲ್ ಬರೆದೆವು. ಅವರು ಬೋಲ್ ಹೇಳುವುದು, ನಾನು ಗುಂಡಿ ಒತ್ತುವುದು. ಎಡಕ್ಕೆ ಬೇಸ್ ಡ್ರಮ್, ಡಿಕೇ ಪೂರ್ತಿ ಎಳೆದು. ಬಲಕ್ಕೆ ಕಾಂಗೋ ಮತ್ತು ರಿಮ್‌ಶಾಟ್. ಟೆಂಪೊ 60 ಇಟ್ಟರೆ ನಿಮಿಷಕ್ಕೆ 240 ಮಾತ್ರೆ ಓಡುತ್ತದೆ, ಒಳ್ಳೆಯ ದ್ರುತ್. ಹತ್ತು, ಹನ್ನೊಂದು, ಹನ್ನೆರಡು, ಹದಿಮೂರು ಮನೆಗಳ ಬೇಸ್ ಡ್ರಮ್ ದೀಪ ಆರಿಸಿದೆ. ಅದರ ಮೇಲೆ ಟಿಡಿ-3ರ ಮಾಲ್ಕೌಂಸ್ ಬಿಟ್ಟೆ. ಪರವಾಗಿಲ್ಲ ಅನ್ನುವ ಹಾಗೆ ಅಪ್ಪ ತಲೆ ಆಡಿಸಿದರು, ಆದರೆ ನಾಲ್ಕೈದು ಆವರ್ತನೆ ಆದ ಮೇಲೆ ಮುಖ ಬಾಡಿತು. “ಪ್ರತಿ ಸಲ ಅಷ್ಟ ಖಾಲಿ ಬಿಡ್ತೈತಲ್ಲೋ ಇದು. ಹಾಡವ್ರು ಏನ್ ಹಾಡಾಕ ಹತ್ಯಾರಂತ ನೋಡೂದ ಇಲ್ಲ” ಅಂದರು. ಆಮೇಲೆ ಕೈ ತಡೆಯದೆ, ಊಟದ ಮೇಜಿನ ಅಂಚಿನಲ್ಲಿ ಯಂತ್ರದ ಜೊತೆಗೇ ಬಾರಿಸತೊಡಗಿದರು. ಅರ್ಧ ಗಂಟೆ ಬಾರಿಸಿದರು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಈಗ ಕೇಳಿದರೆ ಯಂತ್ರಕ್ಕಿಂತ ಮೇಜೇ ಜೋರಾಗಿ ಕೇಳಿಸುತ್ತದೆ.

ಮೊನ್ನೆ ಫೋನ್ ಮಾಡಿದಾಗ ಅಪ್ಪ ತಾವಾಗಿಯೇ ಆ ವಿಷಯ ಎತ್ತಿದರು.

“ಆ ಸರ್ದಾರ್ಜಿ ಇನ್ನೂ ಅದಾರೇನು?”

“ಇಲ್ರಿ ಅಪ್ಪಾ, 2015ರಾಗ ತೀರ್ಕೊಂಡ್ರು.”

“ಹೌದಾ? ಒಂದ್ ಮಾತು ಕೇಳೂದಿತ್ತು. ಖಾಲಿ ಬ್ಯಾಡಂತ ಬಿಟ್ರೋ, ಹಾಕಿದ್ರ ಮಂದಿ ಕುಣಿಯಂಗಿಲ್ಲಂತ ಬಿಟ್ರೋ.”